ಭಾವ ಬೆಲ್ಲ ಮುಟ್ಟಲಿಲ್ಲ

ಮರಳುಗಾಡಿಗೆ ಬಂದ ನಾನು ಮೊದಲು ಕೊಂಡದ್ದು ಸ್ವೆಟರ್. ಹೊರಗೆ ಬಸ್ ಸ್ಟಾಪಿನ ಕಂಬ ಮುಟ್ಟಿದರೆ ಕೈ ಸುಡುತ್ತದೆ; ಆಸ್ಪತ್ರೆಯ ಒಳಗೆ ಕಾಲಿಟ್ಟರೆ ಹಲ್ಲು ಕಟಕಟ ಅನ್ನುತ್ತದೆ. ಆದರೆ ಮೊದಲ ದಿನ ವಾರ್ಡಿನ ಉದ್ದಕ್ಕೂ ನಡೆದಾಗ ಚಳಿಗಿಂತ ಹೆಚ್ಚು ನಡುಗಿಸಿದ್ದು ಇನ್ನೊಂದು. ಹನ್ನೆರಡು ಮಂಚ, ಹನ್ನೆರಡು ಗಂಡಸರು, ಪಕ್ಕದಲ್ಲಿ ಹನ್ನೆರಡು ಖಾಲಿ ಕುರ್ಚಿ.

ನಾನು ಇಪ್ಪತ್ತು ವರ್ಷ ಇದ್ದ ಮಂಗಳೂರಿನ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಐದು ನೆಂಟರು. ಗಂಜಿಯ ಕ್ಯಾರಿಯರ್, ಬಿಸಿನೀರಿನ ಫ್ಲಾಸ್ಕ್, ಮಂಚದಡಿಗೆ ಸುತ್ತಿಟ್ಟ ಚಾಪೆ. ಅವರನ್ನು ಹೊರಗೆ ಕಳಿಸುವುದೇ ವಾಚ್‌ಮನ್ನನ ಅರ್ಧ ಕೆಲಸವಾಗಿತ್ತು. ನಾನೂ ಎಷ್ಟೋ ಸಲ ಗದರಿದ್ದೇನೆ. ಇಲ್ಲಿ ಬಂದ ಮೇಲೆ ಆ ಗದರಿದ ಮಾತುಗಳನ್ನೆಲ್ಲ ವಾಪಸು ತೆಗೆದುಕೊಳ್ಳಬೇಕು ಅನಿಸಿದೆ.

ನನ್ನ ಕೆಲಸ ಏನು ಎಂದು ಊರಿನವರು ಕೇಳಿದಾಗ ಹೇಳುವುದೇ ಕಷ್ಟ. ನಾನು ನರ್ಸ್ ಅಲ್ಲ. ಮಂಗಳೂರಿನಲ್ಲಿ ಅದನ್ನು ಚಾಪ್ಲೆನ್ ಕೆಲಸ ಎನ್ನುತ್ತಿದ್ದರು. ರೋಗಿಯ ಪಕ್ಕ ಕುಳಿತು ಮಾತಾಡುವುದು, ಬೇಕೆಂದರೆ ಅವನ ಧರ್ಮದ ಪ್ರಾರ್ಥನೆಗೆ ಏರ್ಪಾಡು ಮಾಡುವುದು, ಬೇಡವೆಂದರೆ ಸುಮ್ಮನಿರುವುದು. ಇಲ್ಲಿ ನನ್ನ ಬ್ಯಾಡ್ಜಿನಲ್ಲಿ 'ರೋಗಿಗಳ ನೆರವು' ಎಂಬ ಅರ್ಥದ ಎರಡು ಶಬ್ದಗಳಿವೆ. ಮುಸ್ಲಿಂ ರೋಗಿಗಳನ್ನು ಸುಡಾನಿನ ಇದ್ರೀಸ್ ನೋಡಿಕೊಳ್ಳುತ್ತಾರೆ. ಉಳಿದವರೆಲ್ಲ, ಹಿಂದೂಗಳು, ನಮ್ಮ ಕ್ರಿಸ್ತುವರು, ಶ್ರೀಲಂಕಾದ ಬೌದ್ಧರು, ದೇವರೇ ಇಲ್ಲ ಎನ್ನುವವರು, ನನ್ನ ಪಾಲು. ಮೊದಲ ವಾರವೇ ಒಬ್ಬ ನೇಪಾಳಿ ಮೇಸ್ತ್ರಿ ನನ್ನನ್ನು ಕರೆಸಿ, ಮಂತ್ರ ಗಿಂತ್ರ ಏನೂ ಬೇಡ, ತಲೆಗೆ ಸ್ವಲ್ಪ ಎಣ್ಣೆ ಹಚ್ಚಿ ಎಂದ. ಹಚ್ಚಿದೆ. ಅವನಿಗೆ ನಿದ್ದೆ ಬಂತು.

ಮನೆ ದೋಹಾದ ಅಲ್ ಮುಂತಜಾ ಬಡಾವಣೆಯ ಹಳೇ ಕಟ್ಟಡದಲ್ಲಿ ಒಂದು ಕೋಣೆ. ಅಡುಗೆಮನೆ ಇಬ್ಬರು ಮಲಯಾಳಿ ನರ್ಸುಗಳ ಜೊತೆ ಹಂಚಿಕೆ. ಅವರ ಪಾಳಿ ಬೇರೆ, ನನ್ನದು ಬೇರೆ. ಒಬ್ಬರಿಗೊಬ್ಬರು ಸಿಗುವುದು ಫ್ರಿಜ್ಜಿನಲ್ಲಿಟ್ಟ ಪಾತ್ರೆಗಳ ಮೂಲಕ. ಕುಚ್ಚಲಕ್ಕಿ ಇಲ್ಲೂ ಸಿಗುತ್ತದೆ. ಊರಿನ ಹಾಗೆ ಬೇಯುತ್ತದೆ, ಊರಿನ ಹಾಗೆ ರುಚಿಯೂ ಇರುತ್ತದೆ, ಆದರೆ ಒಬ್ಬಳೇ ಕುಳಿತು ಉಂಡರೆ ಅರ್ಧಕ್ಕೇ ಸಾಕಾಗುತ್ತದೆ. ಅರಬ್ಬಿ ಸ್ವಲ್ಪ ಕಲಿತೆ. 'ಮಾಫಿ' ಎಂದರೆ ಇಲ್ಲ, 'ಖಲಾಸ್' ಎಂದರೆ ಮುಗಿಯಿತು. ಡ್ರಿಪ್ ಮುಗಿದರೂ ಖಲಾಸ್, ಪಾಳಿ ಮುಗಿದರೂ ಖಲಾಸ್. ಲಿಫ್ಟಿನಲ್ಲಿ ಒಬ್ಬ ಅರಬ್ ಅಜ್ಜಿ ನನ್ನ ಅರಬ್ಬಿ ಕೇಳಿ ನಕ್ಕು ಕೆನ್ನೆ ತಟ್ಟಿದ ದಿನ ನಾನು ಮಗಳಿಗೆ ಫೋನ್ ಮಾಡಿ ಅದನ್ನೇ ಎರಡು ಸಲ ಹೇಳಿದೆ.

ಮಗಳು ರಿಯಾ. ಅವಳ ಅಪ್ಪ ತೀರಿಕೊಂಡು ನಾಲ್ಕು ವರ್ಷ. ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ರಜೆಯಲ್ಲಿ ಶಿರ್ವದ ನನ್ನ ಅಕ್ಕನ ಮನೆಗೆ ಹೋಗುತ್ತಾಳೆ. ಕೆಲಸಕ್ಕೆ ಸೇರುವಾಗ ಕೊಟ್ಟ ಫಾರಂನಲ್ಲಿ, ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂಬಲ್ಲಿ ಎರಡು ಗೆರೆಗಳಿದ್ದವು: ಇಲ್ಲಿ ಯಾರಿಗೆ, ಊರಲ್ಲಿ ಯಾರಿಗೆ. ಊರಿನ ಗೆರೆಯಲ್ಲಿ ರಿಯಾ ಎಂದು ಬರೆದೆ. ಇಲ್ಲಿಯ ಗೆರೆಗೆ ಬಂದಾಗ ಪೆನ್ನು ನಿಂತಿತು. ಆಮೇಲೆ ಬರೆಯುತ್ತೇನೆ ಎಂದು ಹೇಳಿ ಫಾರಂ ಕೊಟ್ಟುಬಿಟ್ಟೆ.

ಈಗ ಸದಾನಂದರ ವಿಷಯ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಬೆಳ್ಮಣ್ ಕಡೆಯವರು, ಮೆಸಯೀದಿನ ಒಂದು ಕಾರ್ಖಾನೆಯಲ್ಲಿ ಟೆಕ್ನೀಶಿಯನ್. ಎದೆನೋವು ಎಂದು ಕರೆತಂದರು. ನೋಡಿದರೆ ನಾಳೆ ಬೆಳಿಗ್ಗೆಯೇ ಬೈಪಾಸ್ ಆಗಬೇಕು. ನಾನು ಹೋಗಿ ತುಳುವಿನಲ್ಲಿ ಮಾತಾಡಿಸಿದಾಗ ಆ ಮನುಷ್ಯ ಕಣ್ಣು ಒರೆಸಿಕೊಂಡರು. ಹೆಂಡತಿಗೆ ಇನ್ನೂ ಏನೂ ಹೇಳಿರಲಿಲ್ಲ.

"ಫೋನಲ್ಲಿ ಹೇಳುದು ಬೇಡ ಬಾಯಿ. ಜಯಂತಿ ಹೆದರ್ತಾಳೆ," ಎಂದರು. ನಮ್ಮ ಕಡೆ ಕ್ರಿಸ್ತುವರ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವುದು. ಈ ಊರಿನಲ್ಲಿ ಹಾಗೆ ಯಾರೂ ಕರೆಯದೆ ವರ್ಷವಾಗಿತ್ತು. "ಯಾರಾದ್ರೂ ಮನೆಗೆ ಹೋಗಿ, ಕೂತು, ಸಮಾಧಾನದಲ್ಲಿ ಹೇಳ್ಲಿ."

"ನನ್ನ ಭಾವ ಶಿರ್ವದಲ್ಲಿದ್ದಾರೆ. ಅವರನ್ನು ಕಳಿಸ್ತೇನೆ."

"ಮಾತು ಕೊಡ್ತೀರಾ?"

ಕೊಟ್ಟೆ. ಕೆಟ್ಟ ಸುದ್ದಿಗೆ ಎದುರಿಗೊಂದು ಮುಖ ಇರಬೇಕು ಎಂದು ಹೊಸಬರಿಗೆ ಕಲಿಸಿಕೊಟ್ಟವಳು ನಾನು. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು ಎಂಬ ಸಣ್ಣ ಜಂಬವೂ ಇತ್ತು.

ಮರುದಿನ ಮಧ್ಯಾಹ್ನ, ಸದಾನಂದರು ಆಪರೇಷನ್ ಮುಗಿದು ಐಸಿಯುವಿನಲ್ಲಿ ಬಾಯಿಗೆ ನಳಿಗೆ ಹಾಕಿಕೊಂಡು ಮಲಗಿದ್ದಾಗ, ಭಾವನ ಫೋನ್ ಬಂತು. ದನಿಯೇ ಸರಿ ಇರಲಿಲ್ಲ.

"ನಾನು ಮಾತು ಮುಗಿಸ್ಲೇ ಇಲ್ಲ ಐರಿನ್. ದೋಹಾದಿಂದ ಬಂದ ಸುದ್ದಿ ಅಂತ ಹೇಳಿದ್ದಷ್ಟೆ. ಅವರ ಹೆಂಡತಿ ಬೊಬ್ಬೆ ಹಾಕಿ ಬಿದ್ರು. ಊರೆಲ್ಲ ಸೇರಿದೆ. ಬದುಕಿದ್ದಾರೆ ಅಂದ್ರೆ ಯಾರೂ ಕೇಳುದಿಲ್ಲ."

"ಅದಕ್ಕೂ ಮುಂಚೆ ಏನಾಯ್ತು?"

"ಏನಿಲ್ಲ. ನೀರು ಬೆಲ್ಲ ತಂದ್ರು. ನಾನು ಬೇಡ ಅಂದೆ."

"ಬೇಡ ಅಂದ್ರಾ?"

"ನಂಗೆ ಶುಗರ್ ಉಂಟಲ್ಲ. ಬೆಲ್ಲ ತಿನ್ನುದು ಹೇಗೆ?"

"ನೀರಾದ್ರೂ ಕುಡೀಬಾರ್ದಿತ್ತಾ ಭಾವ? ಕೂತಾದ್ರೂ ಹೇಳಿದ್ರಾ?"

"ಅಂಗಡಿ ತೆರೀಲಿಕ್ಕಿತ್ತು," ಎಂದರು.

ನಮ್ಮ ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಬಂದವರಿಗೆ ಮೊದಲು ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಆಮೇಲೆಯೇ ಯಾರು, ಏನು, ಎತ್ತ. ಅದನ್ನು ಮುಟ್ಟದೆ ಅಂಗಳದಲ್ಲೇ ನಿಂತು ಮಾತು ತೆಗೆಯುವವರು ಒಬ್ಬರೇ, ಸಾವಿನ ಸುದ್ದಿ ತಂದವರು. ಹಿಂದೂಗಳ ಮನೆಯಲ್ಲೂ ಹಾಗೆಯೇ, ನಮ್ಮ ಮನೆಗಳಲ್ಲೂ ಹಾಗೆಯೇ. ಭಾವನಿಗೆ ಅದು ಗೊತ್ತಿಲ್ಲದೆ ಇಲ್ಲ. ಆ ಹೊತ್ತಿಗೆ ಅವರ ತಲೆಯಲ್ಲಿ ಶುಗರ್ ಮತ್ತು ಅಂಗಡಿ ಎರಡೇ ಇದ್ದವು. ನಾನಾದರೂ ಹೇಳಿ ಕಳಿಸಬೇಕಿತ್ತು. ತಪ್ಪು ನನ್ನದೇ.

ಜಯಂತಿಗೆ ಫೋನ್ ಮಾಡಿದೆ. ಹಿಂದಿನಿಂದ ಹೆಂಗಸರ ಅಳು ಕೇಳುತ್ತಿತ್ತು. "ಅವರು ಇದ್ದಾರೆ ಜಯಂತಿ, ನಾನು ಈಗಷ್ಟೇ ನೋಡಿ ಬಂದೆ," ಎಂದೆ.

"ಎಲ್ರೂ ಹಾಗೇ ಹೇಳುದು ಬಾಯಿ," ಎಂದಳು. ದನಿ ಒಣಗಿತ್ತು. "ನಮ್ಮ ದೊಡ್ಡಪ್ಪ ದುಬಾಯಿಯಲ್ಲಿ ಹೋದಾಗ್ಲೂ ಮೂರು ದಿನ ಇದ್ದಾರೆ, ಇದ್ದಾರೆ ಅಂತ್ಲೇ ಹೇಳಿದ್ರು. ಇದ್ರೆ ಮಾತಾಡಿಸಿ."

ನಳಿಗೆ ಇದ್ದವರು ಮಾತಾಡುವುದು ಹೇಗೆ? ಐಸಿಯುವಿನಲ್ಲಿ ಕ್ಯಾಮರಾ ತೆಗೆಯಲು ಬಿಡುವುದಿಲ್ಲ. ಬಿಟ್ಟರೂ ಕಣ್ಣು ಮುಚ್ಚಿ ಮಲಗಿದ ಗಂಡನನ್ನು ತೋರಿಸಿ ಏನನ್ನು ನಂಬಿಸಲಿ? ಅಷ್ಟರಲ್ಲಿ ಮೆಸಯೀದಿನ ಅವರ ಗೆಳೆಯರ ವಾಟ್ಸಾಪ್ ಗುಂಪಿಗೆ ಸದಾನಂದರ ಫೋಟೋ ಬಂದಾಗಿತ್ತು, ಹೂವಿನ ಚೌಕಟ್ಟು, ಕೆಳಗೆ ಓಂ ಶಾಂತಿ.

ನಮ್ಮ ಸಣ್ಣ ಆಫೀಸಿಗೆ ಬಂದು ಕುಳಿತೆ. ಇದ್ರೀಸ್ ಏನನ್ನೂ ಕೇಳದೆ, ಇಲ್ಲಿಯ ರೂಢಿಯಂತೆ ಖರ್ಜೂರದ ಡಬ್ಬಿ ಮುಂದಿಟ್ಟು ಗಹ್ವಾ ಬಗ್ಗಿಸಿದರು. ಗಹ್ವಾ ಎಂದರೆ ಏಲಕ್ಕಿ ಹಾಕಿದ ತೆಳು ಕಾಫಿ. ನಾನು ಬೇಡ ಎಂದು ಕೈ ಅಡ್ಡ ಹಿಡಿದೆ, ವಿಷಯ ಹೇಳಿದೆ. ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಇಲ್ಲಿ ಸಾವಿನ ಮನೆಯಲ್ಲೂ ಬಂದವರಿಗೆ ಗಹ್ವಾ, ಖರ್ಜೂರ ಕೊಡುತ್ತಾರಂತೆ. "ತಿಂದರೆ ಏನೂ ಹೇಳಿದ ಹಾಗಾಗುವುದಿಲ್ಲ, ಸಿಸ್ಟರ್," ಎಂದರು. "ನಿಮ್ಮಲ್ಲಿ ತಿಂದರೆ ಒಂದು ಅರ್ಥ, ಬಿಟ್ಟರೆ ಒಂದು ಅರ್ಥವೇ?"

ಹೌದು ಎನ್ನುತ್ತಿದ್ದಂತೆ, ಹಾಗಾದರೆ ನಾನು ತಿಂದೇ ತೋರಿಸಬಹುದಲ್ಲ ಎಂದು ಹೊಳೆಯಿತು. ಆಮೇಲೆ ಜಯಂತಿಗೆ ವಿಡಿಯೋ ಕಾಲ್ ಮಾಡಿದೆ. ಫೋನನ್ನು ಡಬ್ಬಿಗೆ ಒರಗಿಸಿಟ್ಟು, ಕುರ್ಚಿಯಲ್ಲಿ ಸರಿಯಾಗಿ ಕುಳಿತೆ.

"ಜಯಂತಿ, ನನ್ನನ್ನು ನೋಡು. ನಾನು ಕೂತಿದ್ದೇನೆ. ಇದು ಬೆಲ್ಲ ಅಲ್ಲ, ಇಲ್ಲಿ ಬೆಲ್ಲದ ಬದಲು ಇದೇ. ಇದು ನೀರು." ಒಂದು ಖರ್ಜೂರ ಬಾಯಿಗೆ ಹಾಕಿ ಅಗಿದೆ. ಇಡೀ ಗ್ಲಾಸು ನೀರು ಕುಡಿದೆ. "ನನ್ನ ಭಾವನಿಗೆ ಶುಗರ್ ಉಂಟು, ಹಾಗೆ ಬಿಟ್ರು. ಆ ಸುದ್ದಿ ತಂದವಳಾದ್ರೆ ನಾನು ನಿನ್ನ ಎದುರು ಹೀಗೆ ತಿಂತಿದ್ದೆನಾ?"

ಅವಳು ತುಂಬಾ ಹೊತ್ತು ನೋಡಿದಳು. ಹಿಂದಿನ ಅಳು ಒಂದೊಂದಾಗಿ ನಿಂತಿತು.

"ಇನ್ನೊಂದು ತಿನ್ನಿ," ಎಂದಳು.

ತಿಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಯಾರಿಗೋ, "ಮಕ್ಕಳಿಗೆ ಊಟ ಹಾಕಿ," ಎಂದಳು.

ಫೋನಿಟ್ಟ ಮೇಲೆ ಹೆದರಿಕೆ ಶುರುವಾಯಿತು. ಡಾಕ್ಟರು ನಾಳೆಯವರೆಗೆ ಏನೂ ಹೇಳಲಾಗದು ಎಂದಿದ್ದರು. ಈಗ ಈ ಮನುಷ್ಯನಿಗೆ ಏನಾದರೂ ಆದರೆ, ಸಾವನ್ನು ಬಗಲಲ್ಲಿಟ್ಟುಕೊಂಡು ಖರ್ಜೂರ ತಿಂದವಳು ನಾನಾಗುತ್ತೇನೆ. ಜನರನ್ನು ಸಮಾಧಾನ ಮಾಡುವುದೇ ಕಸುಬಾದ ನನಗೆ ಆ ಸಂಜೆ ಸಮಾಧಾನ ಹೇಳುವವರು ಯಾರೂ ಇರಲಿಲ್ಲ. ಕೋಣೆಗೆ ಹೋದೆ, ಜಪಮಾಲೆ ಹಿಡಿದು ಕುಳಿತೆ, ಎಷ್ಟನೆಯ ಮಣಿ ಎಂಬುದೇ ತಪ್ಪಿಹೋಗುತ್ತಿತ್ತು. ಯೇಸುವಿನ ಜೊತೆ ಬೆಳ್ಮಣಿನ ದುರ್ಗೆಯನ್ನೂ ಕರೆದೆ. ಪಾದ್ರಿಗಳು ಓದಿದರೆ ಕ್ಷಮಿಸಲಿ.

ಬೆಳಿಗ್ಗೆ ಒಂಬತ್ತಕ್ಕೆ ನಳಿಗೆ ತೆಗೆದರು. ಫೋನನ್ನು ಸದಾನಂದರ ಕಿವಿಗೆ ಹಿಡಿದೆ. ಗೊಗ್ಗರು ದನಿ, ನನಗೇ ಗುರುತು ಹತ್ತುವಂತಿರಲಿಲ್ಲ. "ಜಯಂತಿ, ಪಂಪ್ ಆಫ್ ಮಾಡಿದ್ದೀಯಾ?" ಎಂದರು. ದಿನಾ ಬೆಳಿಗ್ಗೆ ಫೋನ್ ಮಾಡಿದಾಗ ಅವರು ಮೊದಲು ಕೇಳುವುದು ಅದನ್ನೇ ಅಂತೆ. ಆ ಕಡೆಯಿಂದ ಬಂದ ಅಳು ಕೇಳಿ ನಾನು ಗೋಡೆಯ ಕಡೆ ತಿರುಗಿ ನಿಂತೆ. ಓಂ ಶಾಂತಿಯ ಫೋಟೋವನ್ನು ನಾಲ್ಕು ದಿನ ಬಿಟ್ಟು ತೋರಿಸಿದಾಗ, "ಚೆಂದ ಉಂಟು. ನಮ್ಮ ಮದುವೆ ಫೋಟೋ," ಎಂದರು.

ಎರಡು ತಿಂಗಳ ನಂತರ ಅವರು ಕೆಲಸ ಬಿಟ್ಟು ಊರಿಗೆ ಹೊರಟರು. ಹೋಗುವ ಮುಂಚೆ ಆಫೀಸಿಗೆ ಬಂದರು. ಮಾತಿನ ನಡುವೆ, ನನಗೆ ಏನಾದರೂ ಆದರೆ ಇಲ್ಲಿ ಯಾರಿಗೆ ತಿಳಿಸಬೇಕು ಎಂಬ ಗೆರೆ ಇನ್ನೂ ಖಾಲಿ ಇದೆ ಎಂದು ಹೇಳಿಬಿಟ್ಟೆ. ಯಾಕೆ ಹೇಳಿದೆನೋ. ಅಷ್ಟು ದಿನ ಯಾರೂ ಕೇಳಿರಲಿಲ್ಲ, ಅದಕ್ಕೇ ಇರಬೇಕು.

"ಇಲ್ಲಿಯ ಗೆರೆಗೆ ನನ್ನ ಹೆಸರು ಆಗುದಿಲ್ಲ ಬಾಯಿ, ನಾನು ಹೋಗುವವ," ಎಂದರು. "ಊರಿನ ಗೆರೆಯಲ್ಲಿ ಬರೀರಿ, ಮಗಳ ಹೆಸರಿನ ಕೆಳಗೆ. ಸುದ್ದಿ ಹೇಳ್ಲಿಕ್ಕೆ ನಾನೇ ಹೋಗ್ತೇನೆ. ಕೂತು, ಬೆಲ್ಲ ತಿಂದು, ನೀರು ಕುಡಿದು, ಆಮೇಲೆ ಮಾತು."

"ಬೇರೆ ಸುದ್ದಿ ಆದ್ರೆ?"

ಅವರು ಎದೆಯ ಹೊಲಿಗೆಯ ಮೇಲೆ ಕೈ ಇಟ್ಟುಕೊಂಡರು. "ಅಂಗಳದಲ್ಲೇ ನಿಲ್ತೇನೆ. ಮಗಳಿಗೆ ಗೊತ್ತಾಗ್ತದೆ."

ಡಬ್ಬಿಯಲ್ಲಿದ್ದ ಖರ್ಜೂರ ಕೊಟ್ಟೆ, ನೀರು ಕೊಟ್ಟೆ. ಕುಳಿತು ತಿಂದರು, ಕುಡಿದರು. "ಬರ್ತೇನೆ ಬಾಯಿ," ಎಂದು ಲಿಫ್ಟಿನ ಕಡೆ ನಡೆದರು. ಈ ಊರಿಗೆ ಅವರು ಇನ್ನು ಬರುವುದಿಲ್ಲ. ನಾನು ಫಾರಂ ತರಿಸಿ ಊರಿನ ಗೆರೆಯಲ್ಲಿ ರಿಯಾಳ ಕೆಳಗೆ ಅವರ ಹೆಸರು ಬರೆದೆ. ಮೇಲಿನ, ಇಲ್ಲಿಯ ಗೆರೆ ಈಗಲೂ ಖಾಲಿಯೇ ಇದೆ.