ಅಂಬರೇಶನ ಒಣ ಕೆತ್ತನೆ

ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆಯಲ್ಲಿ, ಕಲ್ಲೂರು ಬರುವ ಮೊದಲು, ಮಾಳಿಂಗಪ್ಪನವರ ಕಲ್ಲಿನ ಶೆಡ್ಡು ಇದೆ. ಅಲ್ಲಿ ಗೋರಿಕಲ್ಲು ಮಾಡುತ್ತೇವೆ. ನಮ್ಮವರಿಗಲ್ಲ, ನಾರ್ವೆ ದೇಶದವರಿಗೆ. ನನ್ನದು ಪಾಲಿಶ್ ಕೆಲಸ. ಅಕ್ಷರ ಕೆತ್ತುವವನು ಅಂಬರೇಶ.

ಅವನು ದೇವದುರ್ಗ ಕಡೆಯವನು. ಅಪ್ಪ, ಅಜ್ಜ ಇಬ್ಬರೂ ಕಲ್ಲು ಒಡೆದವರು. ನನ್ನ ಹಾಗೆ ಅವನೂ ಶಾಲೆ ಅರ್ಧಕ್ಕೇ ಬಿಟ್ಟ.

ಮೊದಲು ಕೆತ್ತುವ ಮಾತು ನಾರ್ವೆ ಭಾಷೆಯಲ್ಲೇ ಬರುತ್ತಿತ್ತು. ಆಮೇಲೆ ದಲ್ಲಾಳಿ ಬದಲಾದ. ಹೊಸಬ ಇಂಗ್ಲಿಷಿನಲ್ಲಿ ಕಳಿಸಿ, ನೀವೇ ಅವರ ಭಾಷೆಗೆ ಮಾಡಿಕೊಳ್ಳಿ ಅಂದ. ಆ ಕೆಲಸವೂ ಅಂಬರೇಶನ ತಲೆಗೆ ಬಂತು. ಅಷ್ಟು ಕಲ್ಲು ಕೆತ್ತಿ ಕೆತ್ತಿ ಅವನ ಕೈಗೆ ಆ ಮಾತು ಕೂತಿತ್ತು. ಮಾತಿನ ತಲೆಯನ್ನು ಮೊಬೈಲಿನಲ್ಲಿ ಹುಡುಕುವನು, ಬಾಲವನ್ನು ತಾನೇ ಹಚ್ಚುವನು. ಬರೆದದ್ದರ ಫೋಟೋ ದಲ್ಲಾಳಿಗೆ ಹೋಗುವುದು. ಸರಿ ಎಂದು ಬಂದರೆ ಕೆತ್ತನೆ ಶುರು.

ನನಗೂ ಹೇಳಿಕೊಡಲು ನೋಡುತ್ತಿದ್ದ.

"ಇಂಗ್ಲಿಷಿನ್ಯಾಗ 'ದ ಮದರ್' ಅಂತಾರ. ಆ ಮುಂದಿನ 'ದ' ನಾರ್ವೆದವ್ರಿಗೆ ಬ್ಯಾಡ. ಹಿಂದ ಹಚ್ಚತಾರ. ಮೋರ್ ಅಂದ್ರ ತಾಯಿ, ಮೋರೆನ್ ಅಂದ್ರ ಆ ತಾಯಿ. ನಾವು ಮನಿಗಿ, ಮನ್ಯಾಗ ಅಂತ ಹಿಂದ ಹಚ್ಚಂಗಿಲ್ಲೇನು, ಹಂಗ."

"ಮತ್ತ 'ಲವ್ಡ್' ಅಂದ್ರ?"

"ಎಲ್ಸ್ಕೆಟ್. 'ಮಿಸ್ಡ್' ಅಂದ್ರ ಸಾವ್ನೆಟ್. ಇಂಗ್ಲಿಷಿನ ಬಾಲ 'ಡ್', ಅವರ ಬಾಲ 'ಎಟ್'."

"ಅದರಾಗ ಸಾವು ಅದಲ್ಲೋ!"

"ನಿನ್ನ ಬಾಯಾಗ ಬರೋದೆಲ್ಲಾ ಸಾವೇ, ಗದ್ದೆಪ್ಪ. ಸುಮ್ನ ಪಾಲಿಶ್ ಹಿಡಿಯಲೇ."

ನಗುತ್ತಿದ್ದ. ಆದರೆ ಕೆತ್ತುವಾಗ ನಗುತ್ತಿರಲಿಲ್ಲ. ಸತ್ತವರನ್ನು ತಪ್ಪು ಹೆಸರಿನಿಂದ ಕರೆದರೆ ಅವರು ಹೊಳ್ಳಿ ನೋಡುತ್ತಾರೆ, ನೋಡಿದರೆ ಕೇಡು ಎಂದು ಅವನ ತಾಯಿ ಹೇಳುತ್ತಿದ್ದಳಂತೆ. ಒಂದು ಕಲ್ಲೂ ತಪ್ಪಬಾರದು ಎಂಬ ಹಟ ಅವನಿಗೆ ಅಲ್ಲಿಂದ ಬಂದದ್ದು.

ಯಂತ್ರದಿಂದ ಕಲ್ಲು ಕೊರೆಯುವಾಗ ಮೇಲೆ ನಳದ ನೀರು ಬಿಡಬೇಕು. ನೀರಿದ್ದರೆ ಧೂಳು ಏಳುವುದಿಲ್ಲ, ಕೆಸರಾಗಿ ಹರಿಯುತ್ತದೆ. ಆದರೆ ಆ ಬಿಳಿ ಕೆಸರು ಅಕ್ಷರವನ್ನು ಮುಚ್ಚುತ್ತದೆ. ಅಪರೂಪಕ್ಕೆ ಬರುವ ಗುಡಿಯ ಕನ್ನಡ ಕಲ್ಲಾದರೆ ಅಂಬರೇಶ ನೀರಿನಲ್ಲೇ ಕೆತ್ತುತ್ತಿದ್ದ, ಕಣ್ಣು ಮುಚ್ಚಿದರೂ ಕೈ ಓಡುತ್ತಿತ್ತು. ನಾರ್ವೆ ಅಕ್ಷರ ಹಾಗಲ್ಲ. ಒಂದಕ್ಕೆ ತಲೆ ಮೇಲೆ ಸಣ್ಣ ಉಂಗುರ. ಇನ್ನೊಂದು ಸೊನ್ನೆ, ಅದರ ಎದೆಗೆ ಓರೆ ಗೀಟು. ಕೆಸರಿನಡಿ ಅವು ಕಾಣುವುದಿಲ್ಲ. ಅದಕ್ಕೇ ಅವನು ನಳ ಬಂದ್ ಮಾಡಿ, ಬಾಯಿಗೆ ಟವೆಲ್ ಸುತ್ತಿಕೊಂಡು ಒಣಗಲ್ಲು ಕೆತ್ತುತ್ತಿದ್ದ. ಸಂಜೆ ಹೊರಗೆ ಬಂದರೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ.

ಕೆಮ್ಮು ಯಾವಾಗ ಹತ್ತಿತೋ ಯಾರೂ ನೋಡಲಿಲ್ಲ. ಒಂದು ದಿನ ಒಂದು ಅಕ್ಷರ ಮುಗಿಸಿ, ಒಳಗಿನ ಧೂಳು ಊದಲು ಬಗ್ಗಿದ. ತುಟಿ ಮುಂದೆ ಬಂದವು. ಗಾಳಿ ಬರಲಿಲ್ಲ. ಧೂಳು ಅಲ್ಲಾಡಲಿಲ್ಲ. ಮತ್ತೆ ಊದಿದ. ಆಮೇಲೆ ನನ್ನ ಕಡೆ ನೋಡಿ, "ಗದ್ದೆಪ್ಪ, ನೀ ಊದು" ಅಂದ.

ಹೆಂಡತಿ ರೇಣುಕಮ್ಮ ಅವನನ್ನು ರಾಯಚೂರಿಗೆ ಕರೆದುಕೊಂಡು ಹೋಗಿ ಎದೆಯ ಫೋಟೋ ತೆಗೆಸಿದಳು. ಮರುದಿನ ಅವನ ಜೊತೆ ಅವಳೂ ಶೆಡ್ಡಿಗೆ ಬಂದಳು. ಬಾಗಲವಾಡದ ಹೆಣ್ಣುಮಗಳು, ಯಾರಿಗೂ ಅಂಜುವವಳಲ್ಲ.

"ಯಪ್ಪಾ, ಕಲ್ಲಿನ ಧೂಳು ಇವ್ರ ಎದಿಯಾಗ ಕುಂತದಂತ್ರಿ. ಕುಂತದ್ದು ಹೊಳ್ಳಿ ಬರಂಗಿಲ್ಲಂತ. ಇನ್ನ ಧೂಳು ಕುಡದ್ರ ಉಳಿಯಂಗಿಲ್ಲ ಅಂದ್ರು ಡಾಕ್ಟರು. ಇವ್ರು ಯಂತ್ರ ಮುಟ್ಟಂಗಿಲ್ರಿ."

"ಮುಟ್ಟೋದು ಬ್ಯಾಡವ್ವ," ಎಂದರು ಮಾಳಿಂಗಪ್ಪ. "ಹೊರಗ ಬೇವಿನ ಗಿಡದ ಬುಡಕ ಕುಂತು ಮಾತು ಬರೀಲಿ. ಗದ್ದೆಪ್ಪ ಕೆತ್ತತಾನ."

"ಈ ಮಾಲು ಒಂದು ಹೋಗ್ಲಿ ತಡಿ," ಎಂದ ಅಂಬರೇಶ.

"ಯಾಕ? ನಾಳೆ ನಿಮಗ ಮಣ್ಣು ಕೊಡಾಕ ನಾರ್ವೆದವ್ರು ಬರ್ತಾರೇನು?"

ಅಂಬರೇಶ ಟವೆಲ್ ಹೆಗಲಿಗೆ ಹಾಕಿಕೊಂಡ. ಹೊರಗೆ ಹೋಗಿ ಕೂತ.

ಅಂದಿನಿಂದ ಯಂತ್ರದ ಸದ್ದಿನ ನಡುವೆ ಅವನ ಕೆಮ್ಮು ಕೇಳುತ್ತಿತ್ತು. ಕೇಳಿದರೆ ಸಮಾಧಾನ. ಕೇಳದಿದ್ದರೆ ಯಂತ್ರ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದೆವು. ಅವನು ಮೊದಲೇ ಸಣ್ಣ ಆಳು. ಈಗ ಅಂಗಿ ಗೂಟಕ್ಕೆ ಹಾಕಿದ ಹಾಗೆ ಕಾಣುತ್ತಿತ್ತು.

ಹೋದ ವಾರ ಒಂದು ಕಲ್ಲಿಗೆ 'ಎಂಡ್‌ಲೆಸ್' ಅನ್ನುವ ಮಾತು ಬಂತು. ಅಂಬರೇಶ ಬೇವಿನ ಬುಡದಲ್ಲೇ ಅದನ್ನು ಅವರ ಭಾಷೆಗೆ ಮಾಡಿದ. ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳುತ್ತ ಹೇಳಿದ:

"'ಲೆಸ್' ಅಂದ್ರ ಇಲ್ಲದ್ದು. ಅವರದು ಲ್ಯೋಸ್. ಎಂಡೆಲ್ಯೋಸ್. ಕೊನಿ ಇಲ್ಲದ್ದು. ಸೊನ್ನಿ ಎದಿಗೆ ಗೀಟು ಹೊಡಿ. ಮರೀಬ್ಯಾಡ."

ನಾನು ನಳ ಬಿಟ್ಟು ಕೆತ್ತಿದೆ. ಸೊನ್ನೆಯವರೆಗೆ ಬಂದೆ. ಕೆಸರು ಮುಚ್ಚಿತು. ಒರೆಸಿದೆ, ಮತ್ತೆ ಮುಚ್ಚಿತು. ಗೀಟು ಎಲ್ಲಿಂದ ಎಳೆಯಬೇಕು ತಿಳಿಯಲಿಲ್ಲ. ಸಂಜೆಗೆ ಲಾರಿ ಬರುವುದಿತ್ತು.

"ಕಾಣವಲ್ದೋ ಅಂಬರೇಶ!" ಎಂದು ಕೂಗಿದೆ.

ಹೊರಗಿನಿಂದ ಕೆಮ್ಮು ಕೇಳಲಿಲ್ಲ. ಗಾಬರಿಯಾಗಿ ತಿರುಗಿದರೆ ಅವನು ನಳದ ಹತ್ತಿರ ನಿಂತಿದ್ದ. ನೀರು ನಿಂತಿತು.

"ಹೊರಗ ಹೋಗೋ! ರೇಣುಕಮ್ಮಗ ಏನು ಹೇಳ್ಲಿ ನಾ?"

"ಮಾತು ನಂದು. ತಪ್ಪಿದ್ರ ಸತ್ತವ್ರು ನನ್ನ ಕಡೆ ಹೊಳ್ಳಿ ನೋಡ್ತಾರ. ಒಂದು ಗೀಟು ಅಷ್ಟ. ಉಸಿರು ಹಿಡದು ಹೊಡಿತೀನಿ."

ಅಡ್ಡ ನಿಂತೆ. ನನ್ನ ಹೆಗಲ ಮೇಲೆ ಕೈ ಇಟ್ಟು ಸರಿಸಿದ. ಆ ಕೈಯಲ್ಲಿ ತೂಕವೇ ಇರಲಿಲ್ಲ, ಆದರೂ ನಾನು ಸರಿದೆ. ಅವನು ಟವೆಲ್ ಸುತ್ತಿಕೊಳ್ಳಲಿಲ್ಲ. ಬಾಯಿ ಬಿಗಿದು ಕಲ್ಲಿಗೆ ಯಂತ್ರ ಇಟ್ಟ. ಧೂಳು ಎದ್ದು ಅವನ ಮುಖ ಮರೆಯಾಯಿತು.

ಗೀಟು ನೆಟ್ಟಗೆ ಬಂತು. ಯಂತ್ರ ನಿಂತಿತು. ಹಿಡಿದ ಉಸಿರನ್ನು ಅವನು ಆ ಧೂಳಿನಲ್ಲೇ ಬಿಟ್ಟ. ಮುಂದಿನ ಉಸಿರನ್ನು ಆ ಧೂಳಿನಲ್ಲೇ ಎಳೆದುಕೊಂಡ.