ಮ್ಯಾಚಿಂಗ್ ಮಾಡಿದ ವೈರು

ಹೆಂಡತಿಯನ್ನು ಬಾಯಿತುಂಬ ಹೊಗಳುವ ಗಂಡಸನ್ನು ನಮ್ಮ ಹೊನ್ನಾಳಿಯಲ್ಲಿ ಜನ ಒಂಥರಾ ಅನುಮಾನದಿಂದ ನೋಡುತ್ತಾರೆ. ನೋಡಲಿ ಬಿಡಿ. ನಾನೀಗ ಹೊಗಳಬೇಕಾಗಿರುವುದೇ ನನ್ನ ಹೆಂಡತಿ ಗಿರಿಜಾ ಅನುಮಾನ ಪಡುವ ರೀತಿಯನ್ನು.

ನನ್ನದು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮ್ಯಾಚಿಂಗ್ ಸೆಂಟರ್. ಸೀರೆಯ ಬಣ್ಣಕ್ಕೆ ಸರಿಹೊಂದುವ ಬ್ಲೌಸ್ ಪೀಸು, ಫಾಲು, ದಾರ ಹುಡುಕಿಕೊಡುವುದು ಕಸುಬು. ಗಿರಿಜಾಗೆ ಎಲೆಕ್ಟ್ರಾನಿಕ್ಸ್ ಹುಚ್ಚು. ಬೇರೆಯವರ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಇದ್ದರೆ ನಮ್ಮಲ್ಲಿ ಸೋಲ್ಡರಿಂಗ್ ಕಡ್ಡಿ ಇರುತ್ತದೆ.

ಈ ಸಲ ಅವಳು ಕೈಹಾಕಿದ್ದು ಸವಳಂಗದಲ್ಲಿರುವ ನಮ್ಮಕ್ಕನಿಗಾಗಿ. ಹೊಲದ ಬೋರಿಗೆ ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೋ ಹೇಳುವಂತಿಲ್ಲ. ಬಂತೇನೋ ಎಂದು ನೋಡಲು ಅಕ್ಕ ಮಂಡಿನೋವಿನಲ್ಲೇ ಪಂಪ್‌ಹೌಸಿಗೆ ನಡೆಯುವುದು, ಇಲ್ಲವೆಂದು ವಾಪಸ್ ಬರುವುದು. "ಕಾಲು ನೋಯ್ತೈತೆ ಅಂತ ಪೈರು ಒಣಗಾಕೆ ಬಿಡಾಕಾಗುತ್ತೇನೋ?" ಎನ್ನುತ್ತಿದ್ದಳು. ಕೇಳಿ ಕೇಳಿ ನನಗೆ ಸಂಕಟವಾಗುತ್ತಿತ್ತು.

ಗಿರಿಜಾಳ ಉಪಾಯ ಸರಳ. ಪಂಪ್‌ಹೌಸಿನಲ್ಲೊಂದು ಡಬ್ಬಿ, ಮನೆಯಲ್ಲೊಂದು ಡಬ್ಬಿ. ಕರೆಂಟು ಬಂದೊಡನೆ ಅದು ಇದಕ್ಕೆ ವೈರಿಲ್ಲದೆ ಸುದ್ದಿ ಮುಟ್ಟಿಸಬೇಕು, ಇದು ಕೂಗಬೇಕು. ಡಬ್ಬಿಯೊಳಗಿನ ವೈರಿಂಗ್ ನಾನೇ ಮಾಡುತ್ತೇನೆಂದು ಮುಂದೆ ಬಿದ್ದೆ. ಮೇಜಿನ ಮೇಲಿಟ್ಟು ನೋಡಿದರೆ ಡಬ್ಬಿ ಕಮಕ್ ಕಿಮಕ್ ಎನ್ನಲಿಲ್ಲ.

"ಸುದ್ದಿ ಕಳ್ಸೋ ವೈರ್‌ಲೆಸ್ ಮಾಡ್ಯೂಲೇ ಕೆಟ್ಟೈತೆ, ಬಿಸಾಕು" ಎಂದೆ.

"ಅನುಮಾನ ಎಲ್ಲಾದರ ಮ್ಯಾಲೂ ಇರ್ಲಿ ರೀ, ಆದ್ರೆ ಯಾವುದನ್ನೂ ಬೈಬ್ಯಾಡ್ರಿ. ಒಂದೊಂದನ್ನೇ ಕೇಳಾಣ" ಎಂದಳು.

ಬ್ಯಾಟರಿಯನ್ನು ಕೇಳಿದಳು, ಆಂಟೆನಾವನ್ನು ಕೇಳಿದಳು. ಬೆಸುಗೆಗಳಿಗೆ ಮೀಟರ್ ಹಿಡಿದಾಗ ಎಲ್ಲವೂ ಗಟ್ಟಿಯಾಗಿವೆ ಎಂದು ಅದು ಕೀ ಎಂದಿತು. ನಾನು ಬೀಗಿದೆ. ಕೊನೆಗೆ ಕನ್ನಡಕ ಏರಿಸಿ, "ಈ ವೈರುಗಳನ್ನ ಹೆಂಗೆ ಜೋಡಿಸಿದ್ರಿ?" ಎಂದಳು.

"ಮ್ಯಾಚಿಂಗ್ ನೋಡಿ ಜೋಡಿಸ್ದೆ!" ಎಂದೆ.

ಡಬ್ಬಿಯ ಮುಖ್ಯ ಬೋರ್ಡಿನಲ್ಲಿ ಟಿಎಕ್ಸ್ ಎಂದಿದ್ದುದನ್ನು ಮಾಡ್ಯೂಲಿನ ಟಿಎಕ್ಸ್‌ಗೆ, ಆರ್‌ಎಕ್ಸ್ ಎಂದಿದ್ದುದನ್ನು ಆರ್‌ಎಕ್ಸ್‌ಗೆ ಸೇರಿಸಿದ್ದೆ. ಮೊದಲನೆಯದು ಮಾತಾಡುವ ಪಿನ್ನು, ಎರಡನೆಯದು ಕೇಳುವ ಪಿನ್ನು. ಒಂದರ ಬಾಯನ್ನು ಇನ್ನೊಂದರ ಕಿವಿಗೆ ಕೊಡಬೇಕಾದವನು ಬಾಯಿಗೆ ಬಾಯಿ, ಕಿವಿಗೆ ಕಿವಿ ಹಚ್ಚಿ, ಅದೂ ಎರಡೂ ಡಬ್ಬಿಗಳಲ್ಲಿ, ಅಂದವಾಗಿ ಬೆಸೆದಿದ್ದೆ. ಗಿರಿಜಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ವೈರುಗಳನ್ನು ಅದಲುಬದಲು ಮಾಡಿದಳು. ಡಬ್ಬಿ ಕೂಗಿದ್ದಕ್ಕೆ ಪಕ್ಕದ ಮನೆಯವರು ಇಣುಕಿದರು.

ಅವಳ ಜಾಗದಲ್ಲಿ ನಾನಿದ್ದಿದ್ದರೆ ಮೊದಲು ಕೇಳುತ್ತಿದ್ದುದು ಯಾರು ಮಾಡಿದ್ದು ಎಂದೇ. ಜಗಳ ಚೆನ್ನಾಗಿ ನಡೆಯುತ್ತಿತ್ತು, ಡಬ್ಬಿ ಮಾತ್ರ ಹಾಗೇ ಕೂತಿರುತ್ತಿತ್ತು.

ಸವಳಂಗಕ್ಕೆ ಹೋಗಿ ಡಬ್ಬಿ ಕೂರಿಸಿ ಬಂದ ಮರುದಿನ ಅಕ್ಕನ ಫೋನು. "ಲೇ ತಮ್ಮಾ, ಕೂತಲ್ಲೇ ಗೊತ್ತಾತು ಕಣೋ! ಒಂದೇ ಸಲ ನಡೆದೆ, ನೀರು ಬಿಟ್ಟು ಬಂದೆ. ಯಾರು ಮಾಡಿದ್ದೋ ಇದನ್ನ?"

ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ ಫೋನಿನ ಹತ್ತಿರ ಬಾಗಿ, "ವೈರಿಂಗ್ ಎಲ್ಲಾ ನಿಮ್ಮ ತಮ್ಮಂದೇ ರೀ ಅಕ್ಕಾ" ಎಂದಳು.

ಅಕ್ಕ ನನ್ನನ್ನು ಹರಸಿದ್ದೇ ಹರಸಿದ್ದು. ಗಿರಿಜಾ ಇವತ್ತಿಗೂ ನಡೆದದ್ದನ್ನು ಯಾರಿಗೂ ಹೇಳಿಲ್ಲ. ಅವಳು ಎಂಥವಳೆಂದು ನಿಮಗೆ ತಿಳಿಯಬೇಕಾದರೆ ನನ್ನ ಮಾನವನ್ನು ನಾನೇ ಕಳೆದುಕೊಳ್ಳಬೇಕಾಯಿತು ನೋಡಿ.