ಮಾವನ ತಂಗಿಯರು

ಎಂಬತ್ತರ ದಶಕದ ನಡುವಿನ ಮಾತು. ಆಗ ನಾನು ಮದರಾಸಿನಲ್ಲಿ, ದೇಶದ ಕೇಂದ್ರ ಬ್ಯಾಂಕಿನ ಕಚೇರಿಯಲ್ಲಿ, ಖಾಸಗಿ ಫೈನಾನ್ಸ್ ಸಂಸ್ಥೆಗಳ ಮೇಲೆ ಕಣ್ಣಿಡುವ ವಿಭಾಗದ ಅಧಿಕಾರಿ. ವಿಭಾಗದಲ್ಲಿ ಹೆಂಗಸರು ಇಬ್ಬರೇ. ತಪಾಸಣೆಗೆ ಹೋದ ಕಡೆಯೆಲ್ಲ ಮಾಲೀಕರು ನನ್ನ ಹಿಂದೆ ಬರುತ್ತಿದ್ದ ಗುಮಾಸ್ತರಿಗೆ ಕೈಮುಗಿದು, ನನಗೆ ಮಾತ್ರ ಮನೆಯ ಹೆಂಗಸರ ಜೊತೆ ಕಾಫಿ ಕುಡಿಯಲು ಒಳಗೆ ದಾರಿ ತೋರಿಸುತ್ತಿದ್ದರು. ಅದಕ್ಕೆಲ್ಲ ಒಗ್ಗಿಹೋಗಿದ್ದೆ.

ನನ್ನ ಊರು ಕೊಯಮತ್ತೂರಿನ ಹತ್ತಿರದ ಅವಿನಾಶಿ, ನಮ್ಮದು ನೇಯ್ಗೆಯವರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಈಗ ಬರೆಯುತ್ತಿರುವ ಈ ಲಿಪಿಯನ್ನು ನಾನು ಕಲಿತದ್ದು ಎಷ್ಟೋ ವರ್ಷಗಳ ನಂತರ, ಬೆಂಗಳೂರಿಗೆ ವರ್ಗವಾದಾಗ. ಅಪ್ಪ ಬೇಗ ತೀರಿಕೊಂಡರು. ನನ್ನನ್ನು ಓದಿಸಿದವರು ಅಮ್ಮನ ಅಣ್ಣ, ರಾಮಲಿಂಗ ಮಾವ. ಕೊಯಮತ್ತೂರಿನ ಗಾಂಧಿಪುರಂನಲ್ಲಿ ಅವರ ನೂಲಿನ ಅಂಗಡಿಯಿತ್ತು. ಹೆಣ್ಣುಮಗಳಿಗೆ ಕಾಲೇಜು ಯಾಕೆ ಎಂದ ನೆಂಟರ ಬಾಯಿ ಮುಚ್ಚಿಸಿ, ನನ್ನನ್ನು ಕೊಯಮತ್ತೂರಿಗೆ ಕರೆದೊಯ್ದು ಸೇರಿಸಿದವರು ಅವರೇ. ಮಾವ ಎಂದರೆ ನನಗೆ ಅಪ್ಪನಿಗಿಂತ ಹೆಚ್ಚು.

ಆ ಕಾಲಕ್ಕೆ ಹೊಸದೊಂದು ನಿಯಮ ಬಂದಿತ್ತು. ಬ್ಯಾಂಕಲ್ಲದ ಪಾಲುದಾರಿಕೆ ಸಂಸ್ಥೆಗಳು ಮನಸ್ಸಿಗೆ ಬಂದಷ್ಟು ಜನರಿಂದ ಠೇವಣಿ ತೆಗೆದುಕೊಳ್ಳುವಂತಿಲ್ಲ. ಠೇವಣಿದಾರರ ಸಂಖ್ಯೆಗೆ ಮಿತಿಯುಂಟು. ಆದರೆ ಪಾಲುದಾರನ ಹತ್ತಿರದ ಸಂಬಂಧಿಕರು, ಅಂದರೆ ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಆ ಲೆಕ್ಕಕ್ಕೆ ಬರುವುದಿಲ್ಲ. ತಂಗಿ ತನ್ನ ಅಣ್ಣನ ಕೈಗೆ ದುಡ್ಡು ಕೊಟ್ಟರೆ ಅದರ ಮಧ್ಯೆ ಸರ್ಕಾರಕ್ಕೇನು ಕೆಲಸ ಎಂಬ ಭಾವನೆ ಅದರ ಹಿಂದೆ ಇತ್ತು. ಪೊಂಗಲ್‌ಗೆ ಊರಿಗೆ ಹೋದಾಗ ಊಟದ ಎಲೆಯ ಮುಂದೆ ಮಾವ ನನ್ನ ಕೆಲಸದ ಬಗ್ಗೆ ವಿಚಾರಿಸಿದರು. ಇದನ್ನೆಲ್ಲ ಬಿಡಿಸಿ ಹೇಳಿದೆ. "ಅಣ್ಣ ತಂಗಿ ಅಂದ್ರೆ ಲೆಕ್ಕ ಇಲ್ಲೆ ಅಲ್ಲವಾ?" ಎಂದು ಇನ್ನೊಂದು ಸಲ ಕೇಳಿ ಖಚಿತಪಡಿಸಿಕೊಂಡರು. ನನ್ನ ಕೆಲಸ ಏನೆಂದು ಮನೆಯಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು. ನಾನು ಉಬ್ಬಿಹೋದೆ.

ಒಂದೆರಡು ವರ್ಷ ಕಳೆದ ಮೇಲೆ ಗಾಂಧಿಪುರಂನ ಫೈನಾನ್ಸ್ ಸಂಸ್ಥೆಯೊಂದರ ಮೇಲೆ ದೂರು ಬಂತು. ಪಾಲುದಾರರಲ್ಲಿ ಮಾವನ ಹೆಸರು ಮೊದಲು. ಅವರು ಹೀಗೊಂದು ವ್ಯವಹಾರ ತೆರೆದಿದ್ದಾರೆಂಬುದೇ ನನಗೆ ಗೊತ್ತಿರಲಿಲ್ಲ. ನಿಯಮದಂತೆ ಸಂಬಂಧವನ್ನು ಮೇಲಧಿಕಾರಿಗೆ ತಿಳಿಸಿ ಹಿಂದೆ ಸರಿದೆ. ನನ್ನ ಬದಲು ಹಿರಿಯ ಸಹೋದ್ಯೋಗಿಯೊಬ್ಬರು ಹೋಗಿ ಬಂದರು. ಬಂದವರೇ ನನ್ನ ಮೇಜಿನ ಮುಂದೆ ನಿಂತು ತಮಿಳಿನಲ್ಲಿ ಕೇಳಿದರು: "ನಿಮ್ಮ ಮಾವನಿಗೆ ತಂಗಿಯರು ಎಷ್ಟು ಜನ, ಮೇಡಂ? ಅವಿನಾಶಿಯಲ್ಲಿ ಬಾಗಿಲು ತಟ್ಟಿದ ಕಡೆಯೆಲ್ಲ ಒಬ್ಬಳು ಸಿಕ್ಕಿದಳು."

ಮಾವನಿಗೆ ಇದ್ದದ್ದು ಒಬ್ಬಳೇ ತಂಗಿ. ಅವಳೇ ನನ್ನ ಅಮ್ಮ.

ನಮ್ಮ ಬೀದಿಯಲ್ಲಿ ಕನ್ನಡ ಮಾತನಾಡುವವರೆಲ್ಲ ಒಬ್ಬರಿಗೊಬ್ಬರು ಅಣ್ಣ, ಅಕ್ಕ, ಮಾವ, ಅತ್ತೆಯೇ. ಅಷ್ಟೇ ಆಗಿದ್ದರೆ ವಿಚಾರಣೆಯಲ್ಲಿ ನಿಲ್ಲುತ್ತಿರಲಿಲ್ಲ. ಮಾವ ಅದಕ್ಕೂ ಮುಂದೆ ಹೋಗಿದ್ದರು. ಪೊಂಗಲ್ ಸಮಯದಲ್ಲಿ ಅಣ್ಣನಾದವನು ತಂಗಿಯ ಮನೆಗೆ ಸೀರೆ, ಅರಿಸಿನ, ಕಬ್ಬು, ಬೆಲ್ಲ ಕಳಿಸುವುದು ನಮ್ಮ ಕಡೆಯ ಪದ್ಧತಿ. ಅದನ್ನು ಸೀರು ಎನ್ನುತ್ತಾರೆ. ಠೇವಣಿ ಇಟ್ಟ ಪ್ರತಿಯೊಬ್ಬ ಹೆಂಗಸಿನ ಮನೆಗೂ ಮಾವ ಸೀರು ಕಳಿಸಿದ್ದರು. ಸೀರು ಮುಟ್ಟಿದ ಮೇಲೆ ಅವನು ಅಣ್ಣ, ಅವಳು ತಂಗಿ. ಯಾರು ಕೇಳಿದರೂ ಆ ಹೆಂಗಸರು ಹಾಗೆಯೇ ಹೇಳುತ್ತಿದ್ದರು, ಅದರಲ್ಲಿ ಅವರಿಗೆ ಸುಳ್ಳೇನೂ ಕಾಣುತ್ತಿರಲಿಲ್ಲ. ಈ ಜಾಣತನ ನೋಡಿ ನನ್ನ ಮೈ ಉರಿಯಿತು.

ಮಾವನಿಗೆ ಒಬ್ಬಳೇ ತಂಗಿ ಎಂಬ ನನ್ನ ಹೇಳಿಕೆಯೊಂದೇ ಸಾಲದು, ಠೇವಣಿದಾರರಲ್ಲಿ ಒಬ್ಬರಾದರೂ ತಾನು ಒಡಹುಟ್ಟಿದವಳಲ್ಲ ಎಂದು ಹೇಳಿದರೆ ಉಳಿದವರೂ ಬಾಯಿಬಿಡುತ್ತಾರೆ, ಸಂಸ್ಥೆಯ ಕೈ ಕಟ್ಟಬಹುದು ಎಂದರು ಮೇಲಧಿಕಾರಿ. ನನಗೆ ತಕ್ಷಣ ನೆನಪಾದವಳು ನಂಜಕ್ಕ. ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲು. ಗಂಡನಿಲ್ಲದವಳು, ಜೀವಮಾನವೆಲ್ಲ ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯ್ದವಳು. ಸ್ವಂತ ಮಗ್ಗ ಹಾಕಬೇಕೆಂದು ಕೂಡಿಟ್ಟದ್ದನ್ನೆಲ್ಲ ಮಾವನ ಕೈಗೆ ಕೊಟ್ಟಿದ್ದಳು. ಸಂಸ್ಥೆ ಮುಳುಗಿದರೆ ಅವಳ ಮಗ್ಗವೂ ಮುಳುಗಿದಂತೆ.

ಅಧಿಕಾರಿಯಾಗಿ ಅಲ್ಲ, ಬೀದಿಯ ಹುಡುಗಿಯಾಗಿ ಊರಿಗೆ ಹೋಗಿ, ಅವಳ ಜಗಲಿಯ ಮೇಲೆ ಕೂತು, ಒಡಹುಟ್ಟಿದವಳಲ್ಲ ಎಂದು ಒಂದು ಮಾತು ಹೇಳಿಬಿಡು ಎಂದು ಆದಷ್ಟು ಮೆಲ್ಲಗೆ ಹೇಳಿದೆ. ಅವಳು ಕೇಳಿಸಿಕೊಂಡಳು.

"ಸೀರು ಈಸ್ಕಂಡು ಅಣ್ಣ ಅಲ್ಲಾಂತ ಎಂಗೆ ಹೇಳ್ಲಿ ನನ್ ಕಣ್ಣೇ? ನಾಳೆ ಯಾರ್ ಮೊಗ ನೋಡ್ಲಿ?" ಎಂದಳು. "ಅದೂ ನಿಮ್ಮಮ್ಮನೇ ಸೀರಿನ ತಟ್ಟೆ ತಕ್ಕಂಡ್ ಬಂದ್ಲು."

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಅಣ್ಣ ಹೇಳಿದ್ರು, ತಕ್ಕಂಡ್ ಹೋದೆ. ನಿನ್ ಹತ್ರ ಹೇಳ್‌ಬೇಡಾಂದ್ರು."

ದೊಡ್ಡ ಬ್ಯಾಂಕಿನಲ್ಲಿರುವವಳ ತಾಯಿಯೇ ತಟ್ಟೆ ಹಿಡಿದು ಬಾಗಿಲಿಗೆ ಬಂದರೆ ಯಾರು ತಾನೇ ಅನುಮಾನಪಡುತ್ತಾರೆ? ಮಾವ ಇದನ್ನೆಲ್ಲ ಲೆಕ್ಕ ಹಾಕಿಯೇ ಮಾಡಿದ್ದರು.

ಯಾವ ತಂಗಿಯೂ ಬಾಯಿಬಿಡಲಿಲ್ಲ. ಪತ್ರ, ಉತ್ತರ, ಮತ್ತೆ ಪತ್ರ ಎಂದು ನಮ್ಮ ವಿಚಾರಣೆ ಎಳೆಯುತ್ತಿದ್ದಾಗಲೇ ಸಂಸ್ಥೆ ಬಾಗಿಲು ಹಾಕಿತು. ಸುದ್ದಿ ತಿಳಿದು ರಜೆ ಹಾಕಿ ಬಂದೆ. ನಂಜಕ್ಕನನ್ನು ಕರೆದುಕೊಂಡು ಕೊಯಮತ್ತೂರಿನ ಮಾವನ ಮನೆಗೆ ಹೋದೆ. ಬೇರೇನಿಲ್ಲದಿದ್ದರೂ ಅವಳೊಬ್ಬಳ ದುಡ್ಡನ್ನಾದರೂ ಬಿಡಿಸಿಕೊಡುತ್ತೇನೆ ಎಂಬ ಹಟ. ಮಾವ ನಡುಮನೆಯಲ್ಲಿ ಈಸಿಚೇರಿನ ಮೇಲಿದ್ದರು, ಕೂರಿ ಎನ್ನಲಿಲ್ಲ.

ನಂಜಕ್ಕ ಸೆರಗನ್ನು ಮುಂದಕ್ಕೆಳೆದುಕೊಂಡು, "ಅಣ್ಣಾ, ಮಗ್ಗಕ್ಕೆ ಅಂತ ಇಟ್ಟಿದ್ದು" ಎಂದಳು.

"ಒಂದ್ ಸೀರೆ ಕೊಟ್ರೆ ಎಲ್ಲಾರೂ ತಂಗಿ ಆಗ್ಬಿಡ್ತಾರಾ?" ಎಂದರು ಮಾವ.

ನನಗೆ ತಡೆಯಲಾಗಲಿಲ್ಲ. "ಮಾವ, ಬ್ಯಾಂಕಿನೋರ ಮುಂದೆ ಇವಳು ನಿಮ್ಮನ್ನ ಬಿಟ್ಟುಕೊಡಲಿಲ್ಲ. ನೀವು ಇವಳ ಮುಖಕ್ಕೇ ಹೀಗೆ ಹೇಳ್ತೀರಾ?" ಎಂದೆ.

ಅವರು ನನ್ನನ್ನಲ್ಲ, ನಂಜಕ್ಕನನ್ನು ನೋಡಿ ಹೇಳಿದರು: "ಇವಳ್ನ ಕೇಳು. ಅಣ್ಣ ತಂಗಿ ಅಂದ್ರೆ ಲೆಕ್ಕ ಇಲ್ಲೆ ಅಂತ ದಾರಿ ತೋರ್ಸಿದೋಳೇ ಇವ್ಳು."

ಮಾತು ಸುಳ್ಳಾಗಿದ್ದರೆ ಅಲ್ಲಿಯೇ ಅಲ್ಲಗಳೆಯಬಹುದಿತ್ತು. ಪ್ರೀತಿಯಿಂದ ಹೇಳಿದ ಮಾತನ್ನು ಅವರು ಅಷ್ಟು ದಿನ ಜೋಪಾನವಾಗಿಟ್ಟು, ಬೇಕಾದ ಹೊತ್ತಿಗೆ ತೆಗೆದು ನನ್ನ ಮೇಲೇ ಎಸೆದಿದ್ದರು.

ಮುಂದೆ ಷೇರು ಮಾರುಕಟ್ಟೆಯ ನಿಯಂತ್ರಣದ ಕೆಲಸಕ್ಕೆ ಹೋದೆ, ನಿಯಮಗಳನ್ನು ಬರೆಯುವವರ ಸಾಲಿನಲ್ಲೂ ಕೂತೆ. ಕಾನೂನು ನಂಬಿಕೆಗೆಂದು ಬಿಟ್ಟುಕೊಟ್ಟ ಜಾಗಕ್ಕೆ ಮೊದಲು ಬಂದು ಕೂರುವವನು ನಂಬಿಕೆಯ ಬೆಲೆ ಚೆನ್ನಾಗಿ ಬಲ್ಲ ಮೋಸಗಾರ ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು. ಕರಡಿನಲ್ಲಿ 'ಸಂಬಂಧಿಕರನ್ನು ಹೊರತುಪಡಿಸಿ' ಎಂಬ ಮಾತು ಬಂದಾಗಲೆಲ್ಲ ನಾನು ತಕರಾರು ತೆಗೆಯುತ್ತಿದ್ದೆ. ಈಕೆಗೆ ನೆಂಟರ ಮೇಲೆ ಯಾಕಿಷ್ಟು ಸಿಟ್ಟು ಎಂದು ಸಹೋದ್ಯೋಗಿಗಳು ನಗುತ್ತಿದ್ದರು.

ಅಂದು ಮಾವನ ಮನೆಯಿಂದ ಹಿಂದಿರುಗುವಾಗ ಅವಿನಾಶಿಯ ಬಸ್ಸಿನಲ್ಲಿ ನಂಜಕ್ಕನ ಪಕ್ಕದ ಸೀಟು ಖಾಲಿಯಿತ್ತು. ನಾನು ಕೂರಲು ಹೋದೆ. ಅವಳು ತನ್ನ ಚೀಲವನ್ನು ಎತ್ತಿ ಆ ಸೀಟಿನ ಮೇಲಿಟ್ಟು, ಕಿಟಕಿಯ ಕಡೆಗೆ ತಿರುಗಿದಳು. ಊರು ಬರುವವರೆಗೂ ನಾನು ನಿಂತೇ ಇದ್ದೆ.